ಅಜ್ಜಿಯ ಕಿವಿ, ಗವಿರಂಗನ ನಾಲ್ಕನೇ ಕ್ಯಾಸೆಟ್

ನಿಮಗೆ ಸಂಗೀತ ಗೊತ್ತಾ ಎಂದು ಯಾರಾದರೂ ಕೇಳಿದರೆ ನಾನು ಗೊತ್ತು ಎಂದೇ ಹೇಳುತ್ತೇನೆ. ಹಾಡಲು ಬರುವುದಿಲ್ಲ. ತಾಳ ಹಾಕಲು ಹೋದರೆ ಪಕ್ಕದಲ್ಲಿ ಕೂತವರು ನನ್ನ ಕೈ ಹಿಡಿದು ನಿಲ್ಲಿಸುತ್ತಾರೆ. ಆದರೆ ಕೇಳಲು ಬರುತ್ತದೆ, ಚೆನ್ನಾಗಿ ಬರುತ್ತದೆ. ಈ ಮಾತಿನಲ್ಲಿ ನನಗೆ ಯಾವ ಸಂಕೋಚವೂ ಇಲ್ಲ, ಏಕೆಂದರೆ ನಾನು ಅದನ್ನು ಕಲಿತದ್ದು ಇಡೀ ಊರಿಗೇ ಕೇಳುವುದನ್ನು ಹೇಳಿಕೊಡುತ್ತಿದ್ದ ಮನೆಯಲ್ಲಿ. ಆ ಮನೆ ತಿಪಟೂರಿನಿಂದ ತುರುವೇಕೆರೆ ಕಡೆ ಹೋಗುವಾಗ ರಸ್ತೆ ಬಿಟ್ಟು ಒಳಗೆ, ತೋಟಕ್ಕೆ ಬೆನ್ನು ಮಾಡಿ ನಿಂತಿತ್ತು. ದೊಡ್ಡ ನಡುಮನೆ, ಅದರ ಎಡಕ್ಕೆ ಅಡುಗೆಮನೆ, ಬಲಕ್ಕೆ ಅಜ್ಜಿಯ ಕೋಣೆ. ಇಷ್ಟರ ಮೇಲೂ ಉದ್ದಕ್ಕೆ ಹಾಸಿದ ಅಟ್ಟ. ಅಟ್ಟದ ತುಂಬ ತೆಂಗಿನಕಾಯಿ. ಮರದಿಂದ ಇಳಿಸಿದ ಕಾಯಿಯನ್ನು ಹೊರಗಿನ ನಾರಿನ ಮಟ್ಟೆಯ ಸಮೇತ ಅಲ್ಲಿ ಪೇರಿಸಿದರೆ ಸುಮಾರು ಒಂದು ವರ್ಷ ಅದನ್ನು ಯಾರೂ ಮುಟ್ಟುವಂತಿಲ್ಲ. ಒಳಗಿನ ನೀರು ಇಂಗಿ, ಕಾಯಿ ಒಣಗಿ, ಚಿಪ್ಪನ್ನು ತಾನಾಗಿ ಬಿಟ್ಟು ಗುಂಡನೆಯ ಕೊಬ್ಬರಿಯಾಗುವವರೆಗೆ ಕಾಯಬೇಕು. ನಾವು ಅದರ ಕೆಳಗೇ ಉಂಡು, ಜಗಳವಾಡಿ, ಮಲಗಿ ಏಳುತ್ತಿದ್ದೆವು. ಹೊಸದಾಗಿ ಬಂದ ನೆಂಟರು ಉಣ್ಣುವಾಗ ಒಮ್ಮೆಯಾದರೂ ತಲೆ ಎತ್ತಿ ನೋಡಿ, ಇದು ಬೀಳುವುದಿಲ್ಲವಾ ಎಂದು ಕೇಳುತ್ತಿದ್ದರು. ಬಿದ್ದಿದ್ದರೆ ನಾವು ಇರುತ್ತಿದ್ದೆವಾ ಎಂದು ಅಮ್ಮ ಇನ್ನೊಂದು ಮುದ್ದೆ ಇಡುತ್ತಿದ್ದಳು.

ಕೊಬ್ಬರಿ ಆಗಿದೆಯೋ ಇಲ್ಲವೋ ಎಂಬುದನ್ನು ಹೊರಗಿನಿಂದ ಕಣ್ಣಲ್ಲಿ ನೋಡಿ ಹೇಳಲಾಗದು. ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಇದು ನಮ್ಮ ಕಡೆಯ ಎಲ್ಲರಿಗೂ ಬರುವ ವಿದ್ಯೆಯೇ, ಆದರೆ ಅಜ್ಜಿಗೆ ಬಂದಷ್ಟು ಇನ್ನಾರಿಗೂ ಬರುತ್ತಿರಲಿಲ್ಲ. ಅಜ್ಜಿ ಅಂದರೆ ಅಪ್ಪನ ತಾಯಿ. ಕಣ್ಣಿಗೆ ಪೊರೆ ಬಂದಿತ್ತು, ಮಂಡಿ ಮಡಿಸಲು ಆಗುತ್ತಿರಲಿಲ್ಲ, ಏಣಿ ಹತ್ತುವುದನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು. ಅಪ್ಪ ಅಟ್ಟದ ನಾಲ್ಕು ಮೂಲೆಯಿಂದ ನಾಲ್ಕು ಕಾಯಿ ತಂದು ಅವಳ ಮುಂದೆ ಇಡುತ್ತಿದ್ದ. ಅವಳು ಒಂದೊಂದನ್ನೂ ಮೊದಲು ಬಲಗಿವಿಗೆ, ಆಮೇಲೆ ಎಡಗಿವಿಗೆ ಹಿಡಿದು ಅಲ್ಲಾಡಿಸಿ, ಈ ಮೂಲೆಯದು ಇಳಿಸು, ಆ ಮೂಲೆಯದು ಇನ್ನು ಹದಿನೈದು ದಿನ ಬಿಡು ಎಂದು ಹೇಳುತ್ತಿದ್ದಳು. ಹೇಳಿದ್ದು ಎಂದೂ ತಪ್ಪಿರಲಿಲ್ಲ. ಊರಿನವರೂ ಚೀಲದಲ್ಲಿ ನಾಲ್ಕು ಕಾಯಿ ಹಾಕಿಕೊಂಡು ಬಂದು ತೋರಿಸಿ ಹೋಗುತ್ತಿದ್ದರು. ಮನೆಯ ಉಳಿದ ಯಜಮಾನಿಕೆಯೆಲ್ಲ ಅಮ್ಮನ ಕೈಗೆ ಹೋಗಿದ್ದರೂ ಇದೊಂದು ಮಾತ್ರ ಅಜ್ಜಿಯ ಬಳಿಯೇ ಇತ್ತು. ಅವಳಿಗೂ ಅದು ಗೊತ್ತಿತ್ತು.

ಇಂಥ ಮನೆಗೆ ಗವಿರಂಗನನ್ನು ಕರೆತಂದವನು ನನ್ನ ಚಿಕ್ಕಪ್ಪ. ಕರೆತಂದ ಅಂದರೆ ಮನುಷ್ಯನನ್ನಲ್ಲ, ಕ್ಯಾಸೆಟ್ಟನ್ನು. ಗವಿರಂಗ ಹುಲಿಯಾರಿನ ಆಚೆಯ ಯಾವುದೋ ಹಟ್ಟಿಯವನು, ಕುರಿ ಮೇಯಿಸುವ ಮನೆತನದವನು, ಗಣೆ ಊದುತ್ತಿದ್ದ. ಗಣೆ ಅಂದರೆ ಅವರ ಕಡೆಯ ಉದ್ದನೆಯ ಬಿದಿರಿನ ಕೊಳಲು. ಅವನ ಮೊದಲ ಕ್ಯಾಸೆಟ್ಟಿನ ಹೆಸರು ‘ಅಕ್ಕನ ಹಟ್ಟಿ’. ಎಂಟು ಹಾಡು, ಹಾರ್ಮೋನಿಯಂ, ತಬಲ, ಹಿಂದೆ ನಾಲ್ಕು ಹೆಂಗಸರ ಸೊಲ್ಲು, ಚರಣಗಳ ನಡುವೆ ಒಂದಿಷ್ಟು ಗಣೆ. ಚಿಕ್ಕಪ್ಪ ಆಗಿನ್ನೂ ಮದುವೆಯಾಗದವನು. ತಿಪಟೂರಿನ ಸಂತೆಗೆ ಹೋದವನು ಬಸ್ ಸ್ಟ್ಯಾಂಡಿನ ಎದುರಿನ ಅಂಗಡಿಯಲ್ಲಿ ಈ ಹಾಡು ಕೇಳಿ, ಬಸ್ಸು ತಪ್ಪಿಸಿಕೊಂಡು, ಕೊಂಡು ತಂದಿದ್ದ. ಆ ವರ್ಷ ನಮ್ಮ ಮನೆಯಲ್ಲಿ ಬೇರೆ ಹಾಡಿರಲಿಲ್ಲ. ಅಮ್ಮ ರಾಗಿ ಕೇರುವಾಗ ಎರಡನೇ ಹಾಡು ಹಾಡುತ್ತಿದ್ದಳು, ಅಪ್ಪ ದನ ಕಟ್ಟುವಾಗ ಐದನೆಯದನ್ನು ಗುನುಗುತ್ತಿದ್ದ, ಚಿಕ್ಕಪ್ಪನಿಗೆ ಎಂಟೂ ಬಾಯಿಪಾಠ. ಒಮ್ಮೆ ಹುಲಿಯಾರಿಗೆ ಹೋಗಿ ಗವಿರಂಗ ಹಾಡುವುದನ್ನು ಕಣ್ಣಾರೆ ನೋಡಿ ಬಂದು, ಹಾಡಿನ ನಡುವೆ ಅವನು ಒಂದು ಮಾತೂ ಆಡುವುದಿಲ್ಲ ಎಂದು ಒಂದು ವಾರ ಹೇಳಿದ. ನನಗೂ ಇಷ್ಟವಾಗಿತ್ತು, ನಿಜ ಹೇಳಬೇಕೆಂದರೆ ಚಿಕ್ಕಪ್ಪನಿಗೆ ಇಷ್ಟವಾಗಿದ್ದರಿಂದ ಇಷ್ಟವಾಗಿತ್ತು. ಆಗ ನಾನು ಐದನೇ ಕ್ಲಾಸು.

ಎರಡನೆಯದು ‘ಬಾಯಾರಿಕೆ’. ಅದರಲ್ಲಿ ಹಾಡೇ ಇರಲಿಲ್ಲ. ಬೇಸಿಗೆಯಲ್ಲಿ ಬೋರನಕಣಿವೆ ಜಲಾಶಯದ ನೀರು ಹಿಂದೆ ಸರಿದಾಗ ದಂಡೆಯಲ್ಲಿ ಕೂತು ಊದಿದ್ದಂತೆ. ಗಣೆ, ದೂರದಲ್ಲಿ ಕುರಿಗಳ ಗಂಟೆ, ಅಷ್ಟೇ. ಚಿಕ್ಕಪ್ಪ ಈಗ ಹಾಡುತ್ತಾನೆ, ಈಗ ಹಾಡುತ್ತಾನೆ ಎಂದು ಒಂದು ಬದಿ ಕೇಳಿ ಮುಗಿಸಿ, ತಿರುಗಿಸಿ ಹಾಕಿ, ಅದೂ ಮುಗಿದ ಮೇಲೆ ಕ್ಯಾಸೆಟ್ಟು ಕೆಟ್ಟದ್ದು ಕೊಟ್ಟಿದ್ದಾರೆ ಎಂದು ಅಂಗಡಿಗೆ ಹೋಗಿ ಬದಲಾಯಿಸಿ ತಂದ. ಅದರಲ್ಲೂ ಅದೇ. ಆಮೇಲೆ ಅದನ್ನು ಮುಟ್ಟಲಿಲ್ಲ. ಮುಟ್ಟದೆ ಬಿದ್ದಿದ್ದನ್ನು ನಾನು ತೆಗೆದುಕೊಂಡೆ. ಎರಡು ವಾರ ಕೇಳಿದ ಮೇಲೆ ಒಂದು ಸಂಗತಿ ಕಿವಿಗೆ ಬಿತ್ತು: ಪ್ರತಿ ಸಲ ಊದುವ ಮುಂಚೆ ಅವನು ಉಸಿರು ಎಳೆದುಕೊಳ್ಳುವುದು ಕೇಳುತ್ತಿತ್ತು. ಮೊದಲ ಕ್ಯಾಸೆಟ್ಟಿನಲ್ಲಿ ಅದನ್ನು ತಬಲ ಮುಚ್ಚಿಹಾಕಿತ್ತು. ಮೊದಮೊದಲು ಚಿಕ್ಕ ಉಸಿರು, ಆಮೇಲೆ ಆಮೇಲೆ ದೀರ್ಘ. ಕೊನೆಯಲ್ಲಿ ಉಸಿರೇ ಹೆಚ್ಚು, ಊದುವುದೇ ಕಡಿಮೆ. ಆ ದಿನ ನನಗಾದ ಸಂತೋಷ ಇಷ್ಟಿಷ್ಟಲ್ಲ. ಯಾರೂ ಹೇಳಿಕೊಡದೆ ನಾನಾಗಿ ಕಂಡುಕೊಂಡ ಮೊದಲ ವಿಷಯ ಅದು. ಗವಿರಂಗ ಅವತ್ತಿನಿಂದ ಚಿಕ್ಕಪ್ಪನವನಲ್ಲ, ನನ್ನವನು ಎಂದು ತೀರ್ಮಾನ ಮಾಡಿಕೊಂಡೆ.

ಮೂರನೆಯದರ ಹೆಸರು ‘ಕರೆಂಟು’. ಮುಖಪುಟದಲ್ಲಿ ಗವಿರಂಗ ಕಪ್ಪು ಕನ್ನಡಕ ಹಾಕಿಕೊಂಡು ನಿಂತಿದ್ದ. ಒಳಗೆ ಕೀಬೋರ್ಡು, ಮೆಷಿನ್ನಿನ ಡ್ರಮ್ಮು. ಗಣೆ ಬರುವುದು ಎರಡೇ ಸಲ. ಚಿಕ್ಕಪ್ಪ ಇವನು ಕೆಟ್ಟ, ಪೇಟೆಯವರು ಕೆಡಿಸಿದರು ಎಂದು ಮನೆಯಲ್ಲೊಂದು ಸಾವಾದಂತೆ ಬೇಜಾರು ಮಾಡಿಕೊಂಡ. ನನಗೂ ಅದು ಒಂದು ತಿಂಗಳು ರುಚಿಸಲಿಲ್ಲ. ಈಗಲೂ ಹೇಳುತ್ತೇನೆ, ಅದರಲ್ಲಿ ಅರ್ಧ ಚೆನ್ನಾಗಿಲ್ಲ. ಆದರೆ ಎರಡನೇ ಬದಿಯಲ್ಲಿ ಒಂದು ಕಡೆ ಡ್ರಮ್ಮು ಒಂದೇ ಸಮನೆ ಹೊಡೆದುಕೊಳ್ಳುತ್ತಿರುವಾಗ ಎಷ್ಟೋ ಹೊತ್ತಿನ ಮೇಲೆ ಗಣೆ ಬರುತ್ತದೆ. ಕರೆಂಟು ಬಂದು ಪಂಪ್‌ಸೆಟ್ಟು ಶುರುವಾಗಿ, ಪೈಪಿನ ಬಾಯಲ್ಲಿ ನೀರು ಬರಲು ತಡವಾಗುತ್ತದಲ್ಲ, ಆ ತಡವೇ ಅಲ್ಲಿತ್ತು. ಅದನ್ನು ಚಿಕ್ಕಪ್ಪನಿಗೆ ಹೇಳಲು ಹೋದೆ. ಅಭಿಮಾನಿ ಅಂದಮೇಲೆ ತಪ್ಪನ್ನೂ ಹೇಳಬೇಕು, ಎಲ್ಲದಕ್ಕೂ ತಲೆ ಆಡಿಸಬಾರದು ಎಂದ. ತಪ್ಪು ಹೇಳಬೇಕಾದರೆ ಕೊನೆಯವರೆಗೂ ಕೇಳಿರಬೇಕು ಎಂದೆ. ಊಟದ ಹೊತ್ತಿಗೆ ಮಾತು ಜೋರಾಗಿ, ನಾವಿಬ್ಬರೂ ನಾಲ್ಕು ದಿನ ಮಾತಾಡಲಿಲ್ಲ.

ನಾಲ್ಕನೆಯದು ಬಂದಾಗ ನಾನು ಎಂಟನೇ ಕ್ಲಾಸು. ಚಿಕ್ಕಪ್ಪ ಅದನ್ನು ಅಂಗಡಿಯಲ್ಲಿ ನೋಡಿಯೂ ತಂದಿರಲಿಲ್ಲ. ಯೂನಿಫಾರಂ ಬಟ್ಟೆಗೆ ಅಮ್ಮನ ಜೊತೆ ತಿಪಟೂರಿಗೆ ಹೋದಾಗ ಬಳೆ ಬೇಡ, ರಿಬ್ಬನ್ನು ಬೇಡ, ಇದೊಂದು ಕೊಡಿಸು ಎಂದು ಕಾಡಿಬೇಡಿ ಕೊಂಡೆ. ಬರೀ ಹಳದಿ ಕಾಗದದ ಹೊದಿಕೆ. ಮೇಲೆ ಗವಿರಂಗ ಎಂಬ ಹೆಸರು ಬಿಟ್ಟರೆ ಕ್ಯಾಸೆಟ್ಟಿಗೆ ಹೆಸರೂ ಇಲ್ಲ, ಚಿತ್ರವೂ ಇಲ್ಲ. ನಡುಮನೆಯಲ್ಲಿ ಹಾಕಿದೆ. ಗಣೆ ಇಲ್ಲ, ಕೀಬೋರ್ಡಿಲ್ಲ. ನೀರು ತುಳುಕುವ ಸದ್ದು, ಸ್ವಲ್ಪ ಬಿಡುವು, ಮತ್ತೆ ತುಳುಕುವ ಸದ್ದು. ಚಿಕ್ಕಪ್ಪ ಐದು ನಿಮಿಷ ತಡೆದುಕೊಂಡ.

“ಇದೇನೇ, ಬಿಂದಿಗೆ ತೊಳೀತಾವ್ನಾ? ನಡುಮನೇಲಿ ಇದನ್ನ ಇನ್ನೊಂದು ಸಲ ಹಾಕುದ್ರೆ ಟೇಪ್ ರೆಕಾರ್ಡ್ರೇ ಎತ್ತಿ ಬೀರುನಾಗೆ ಇಡ್ತೀನಿ.”

ಟೇಪ್ ರೆಕಾರ್ಡರು ಅವನದು, ಹಾಗಾಗಿ ಎದುರು ಹೇಳುವಂತಿರಲಿಲ್ಲ. ಮಧ್ಯಾಹ್ನ ಗಂಡಸರು ತೋಟದಲ್ಲಿರುವಾಗ ನಾನು ಅದನ್ನು ಎತ್ತಿಕೊಂಡು ಏಣಿ ಹತ್ತಿ ಅಟ್ಟದ ಮೇಲೆ ಕೂತು ಕೇಳತೊಡಗಿದೆ. ಬೇಸಿಗೆ ರಜೆ, ಹೆಂಚಿನ ಕೆಳಗೆ ವಿಪರೀತ ಸೆಕೆ, ಮಟ್ಟೆಯ ಧೂಳಿಗೆ ಸೀನು. ಆದರೂ ಕೇಳಿದೆ. ಮೊದಲ ಬದಿಯಲ್ಲಿ ಆ ನೀರಿನ ಸದ್ದು ಕಡಿಮೆಯಾಗುತ್ತಾ ಹೋಗಿ ಆಮೇಲೆ ಏನೂ ಇಲ್ಲ, ಟೇಪಿನ ಸುಯ್ ಎಂಬ ಸದ್ದು ಬಿಟ್ಟರೆ. ಎರಡನೇ ಬದಿಯ ಶುರುವಿನಲ್ಲೂ ಬಹಳ ಹೊತ್ತು ಏನೂ ಇಲ್ಲ. ಆ ಖಾಲಿ ಭಾಗವನ್ನು ನಾನು ಬಟನ್ ಒತ್ತಿ ಮುಂದೆ ಓಡಿಸುತ್ತಿದ್ದೆ. ಆಮೇಲೆ ಲೊಟ್, ಲೊಟ್ ಎಂಬ ಸದ್ದು. ಅದು ಒಣಗಿದ ತೆಂಗಿನಕಾಯಿಯದು ಎಂದು ನನಗೆ ಮೊದಲ ಸಲವೇ ಗೊತ್ತಾಯಿತು, ಆ ಮನೆಯಲ್ಲಿ ಹುಟ್ಟಿ ಗೊತ್ತಾಗದಿರುತ್ತದೆಯೇ. ಒಂದು ಕಾಯಿ, ಎರಡು, ಆಮೇಲೆ ಹತ್ತಾರು ಕಾಯಿ ಒಂದರ ಹಿಂದೊಂದು. ಯಾಕೆ ಹೀಗೆ ಮಾಡಿದ್ದಾನೆ ಎಂಬುದು ಮಾತ್ರ ತಿಳಿಯಲಿಲ್ಲ. ಆದರೂ ತಿಳಿದವಳಂತೆ, ಅವನು ಈಗ ವಾದ್ಯಗಳನ್ನೇ ಬಿಟ್ಟು ಮುಂದೆ ಹೋಗಿದ್ದಾನೆ ಎಂದು ಗೆಳತಿಯರಿಗೆ ಹೇಳಿಕೊಂಡು ತಿರುಗಿದೆ.

ಒಂದು ದಿನ ನಾನು ಅಜ್ಜಿಯ ಕೋಣೆಯ ಮೇಲ್ಭಾಗಕ್ಕೆ ಸರಿದು ಕೂತು ಎರಡನೇ ಬದಿ ಕೇಳಿ, ಇಳಿದು ಕೆರೆಯ ಕಡೆ ಹೋಗಿದ್ದಾಗ ಅಪ್ಪ ತೋಟದಿಂದ ಬಂದ. ಅಜ್ಜಿ ಕೋಣೆಯಿಂದಲೇ ಅವನನ್ನು ಕರೆದು, ಕಾಯಿ ಆಗಿದೆ, ಇಳಿಸು ಎಂದಳಂತೆ. ಇನ್ನೂ ಎರಡು ತಿಂಗಳು ಇದೆಯಲ್ಲ ಎಂದು ಅಪ್ಪ ಕೇಳಿದ್ದಕ್ಕೆ, ಈ ಸಲ ಬಿಸಿಲು ಜಾಸ್ತಿ, ಬೇಗ ಆಗಿದೆ, ಯಾರೋ ಮೇಲೆ ಅಲ್ಲಾಡಿಸುತ್ತಿದ್ದರು, ನಾನೇ ಕೇಳಿದೆ ಎಂದಳು. ಅಟ್ಟ ಹತ್ತಿದ್ದು ಚಿಕ್ಕಪ್ಪ ಇರಬೇಕು ಎಂದು ಅಪ್ಪ ಅಂದುಕೊಂಡ. ಅಜ್ಜಿ ಹೇಳಿಯಾದ ಮೇಲೆ ಅವನೇ ಒಂದು ಕಾಯಿ ಎತ್ತಿ ಅಲ್ಲಾಡಿಸಿ ನೋಡುವುದುಂಟೇ. ಹಾಗೆ ನೋಡಿದರೆ ತಾಯಿಯ ಮಾತಿಗೆ ಪರೀಕ್ಷೆ ಇಟ್ಟ ಹಾಗೆ. ಮಾರನೇ ದಿನ ಬೆಳಿಗ್ಗೆಯೇ ಕಾಯಿ ಸುಲಿಯುವವರನ್ನು ಕರೆಸಿದ. ಅಂಗಳದಲ್ಲಿ ಮಟ್ಟೆಯ ರಾಶಿ ಬೀಳತೊಡಗಿತು. ಸುಲಿಯುವವರಲ್ಲಿ ಹಿರಿಯವನೊಬ್ಬ, ಯಾಕೋ ಕೈಗೆ ಭಾರ ಬರುತ್ತಿದೆ ಎಂದು ಎರಡು ಸಲ ಹೇಳಿದ. ಅವ್ವ ಹೇಳಿದ್ದಾರೆ, ಸುಲಿಯಿರಿ ಎಂದ ಅಪ್ಪ. ಮಧ್ಯಾಹ್ನದ ಹೊತ್ತಿಗೆ ಅಟ್ಟದ ಒಂದು ಮೂಲೆ ಖಾಲಿಯಾಗಿತ್ತು. ಆಗ ಚಿಪ್ಪು ಒಡೆಯಲು ಕೂತರು. ಮೊದಲನೆಯದರಲ್ಲಿ ನೀರಿರಲಿಲ್ಲ, ಆದರೆ ಕೊಬ್ಬರಿ ಇನ್ನೂ ಹಸಿ, ಚಿಪ್ಪಿಗೇ ಅಂಟಿಕೊಂಡಿತ್ತು. ಎರಡನೆಯದೂ ಹಾಗೇ, ಹತ್ತನೆಯದೂ ಹಾಗೇ. ಮಟ್ಟೆ ತೆಗೆದ ಕಾಯಿಯನ್ನು ಮತ್ತೆ ಅಟ್ಟಕ್ಕೆ ಹಾಕಿ ಒಣಗಿಸುವುದು ಆಗದ ಮಾತು. ಅದು ಇತ್ತ ಸಾರಿಗೂ ಹೆಚ್ಚು, ಅತ್ತ ಮಾರಾಟಕ್ಕೂ ಇಲ್ಲ.

ಅಪ್ಪ ಅಜ್ಜಿಯನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ವಾಸಿಯಿತ್ತು. ತಾನು ಅಟ್ಟ ಹತ್ತಿಯೇ ಇಲ್ಲ ಎಂದು ಚಿಕ್ಕಪ್ಪ ಹೇಳಿದ ಮೇಲೆ, ಅವಳ ಕಿವಿಯೇ ಕೆಟ್ಟಿದೆ ಎಂದುಕೊಂಡು ಅವಳೊಂದಿಗೆ ಜೋರಾಗಿ ಮಾತಾಡಲು ಶುರುಮಾಡಿದ. ಅಮ್ಮನೂ ಹಾಗೇ. ನೀರು ಬೇಕಾ ಎಂದು ಕೇಳಲು ಕೋಣೆಯ ಬಾಗಿಲಲ್ಲಿ ನಿಂತು ಕೂಗುತ್ತಿದ್ದಳು. ಚಿಕ್ಕಪ್ಪ ಬೆಳ್ಳುಳ್ಳಿ ಹಾಕಿ ಎಣ್ಣೆ ಕಾಯಿಸಿ ಅಜ್ಜಿಯ ಕಿವಿಗೆ ಬಿಟ್ಟ. ಮೂರನೆಯ ದಿನ ಊರಿನವರೊಬ್ಬರು ಕಾಯಿ ತೋರಿಸಲು ಚೀಲ ತಂದಾಗ ಅಜ್ಜಿ ಕೋಣೆಯಿಂದ ಹೊರಗೇ ಬರಲಿಲ್ಲ. ನನ್ನ ಕೈಲಿ ಇನ್ನು ಅದೆಲ್ಲ ಆಗುವುದಿಲ್ಲ ಎಂದು ಹೇಳಿಕಳಿಸಿದಳು. ಚೀಲದವರು ಹೋದ ಮೇಲೆ ಕಂಬಕ್ಕೆ ಒರಗಿ, ಎರಡು ಬೆರಳನ್ನು ಕಿವಿಯ ಹತ್ತಿರ ಉಜ್ಜಿಕೊಂಡು, ಸದ್ದು ಕೇಳಿಸುತ್ತದೆಯೋ ಎಂದು ತಾನೇ ಪರೀಕ್ಷೆ ಮಾಡಿಕೊಳ್ಳುತ್ತಿದ್ದಳು. ಅದನ್ನು ನೋಡಿ ನನಗೆ ಅನ್ನ ಸೇರಲಿಲ್ಲ. ಅವಳ ಕಿವಿಗೆ ಏನೂ ಆಗಿಲ್ಲ ಎಂದು ಇಡೀ ಮನೆಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಹೇಳಿದರೆ ಕ್ಯಾಸೆಟ್ಟು ಹೋಗುತ್ತದೆ, ಅದರ ಜೊತೆಗೆ ಉಳಿದ ಮೂರೂ ಹೋಗುತ್ತವೆ, ಬೆನ್ನಿಗೆ ಬೀಳುವುದು ಬೇರೆ. ಹೇಳದಿದ್ದರೆ ಅಜ್ಜಿ ಇನ್ನು ಮುಂದೆ ಮೂಲೆಯಲ್ಲಿ ಕೂತ ಕಿವುಡಿ. ನಾನು ಹೆದರುಪುಕ್ಕಲಿ ಅಲ್ಲ, ಆದರೂ ಮೂರು ದಿನ ತೆಗೆದುಕೊಂಡೆ. ಆ ಮೂರು ದಿನಕ್ಕೆ ಈಗಲೂ ನಾಚಿಕೆಯಿದೆ.

ನಾಲ್ಕನೇ ದಿನ ಮಧ್ಯಾಹ್ನ ಎಲ್ಲರೂ ಉಣ್ಣಲು ಕೂತಿದ್ದಾಗ ನಾನು ತಟ್ಟೆ ಬಿಟ್ಟು ಎದ್ದು, ಅಟ್ಟದ ಮೇಲೆ ಅಲ್ಲಾಡಿಸಿದ್ದು ಯಾರೂ ಅಲ್ಲ, ಅಲ್ಲಿ ನಾನು ಟೇಪು ಹಾಕಿದ್ದೆ, ಅಜ್ಜಿ ಕೇಳಿದ್ದು ಅದನ್ನೇ ಎಂದು ಒಂದೇ ಉಸಿರಿಗೆ ಹೇಳಿದೆ. ಅಪ್ಪನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಕೂಡಲೇ, ಎಂಜಲು ಕೈ ತೊಳೆಯದೆಯೇ, ಕ್ಯಾಸೆಟ್ಟು ಕೊಡು ಎಂದು ಎಡಗೈ ಚಾಚಿದ. ಒಲೆ ಉರಿಯುತ್ತಿದೆ, ನಾನೇ ಹಾಕುತ್ತೇನೆ ಎಂದು ಚಿಕ್ಕಪ್ಪ ಆಗಲೇ ಎದ್ದಿದ್ದ. ಅಜ್ಜಿ ಕೋಣೆಯ ಹೊಸಿಲ ಮೇಲೆ ಕೂತು ಉಣ್ಣುತ್ತಿದ್ದಳು. ನನ್ನನ್ನು ಬೈಯುವಳೆಂದು ಕಾದೆ.

“ಅದು ಕಾಯೇ ತಾನೇನೇ?” ಎಂದಳು.

“ಕಾಯೇ, ಅಜ್ಜಿ.”

“ಆಗಿರೋ ಕಾಯಿ?”

“ನಂಗೆ ಗೊತ್ತಿಲ್ಲ.”

“ನಂಗೊತ್ತು. ತಂದು ಹಾಕು. ಸುಡೋದಾದ್ರೆ ಕೇಳುದ್ ಮ್ಯಾಲೆ ಸುಡಾನ, ಕುತ್ಕಳ್ರಪ್ಪ.”

ಯಾರ ಊಟವೂ ಮುಗಿದಿರಲಿಲ್ಲ, ಆದರೆ ಎಲ್ಲರೂ ಕೈ ತೊಳೆದುಕೊಂಡರು. ನಾನು ಟೇಪ್ ರೆಕಾರ್ಡರನ್ನು ಹೊಸಿಲ ಹತ್ತಿರ ಇಟ್ಟು ಎರಡನೇ ಬದಿಯನ್ನು ಹಾಕಲು ಹೋದೆ. ಮೊದಲಿಂದ ಹಾಕು ಎಂದಳು ಅಜ್ಜಿ. ನೀರು ತುಳುಕುವ ಸದ್ದು ಬಂತು. ಅಜ್ಜಿ ಕಣ್ಣು ಮುಚ್ಚಿದಳು. ಇದು ಬಲಿತ ಕಾಯಿಯೇ, ಈಗಷ್ಟೇ ಅಟ್ಟಕ್ಕೆ ಹಾಕಿದ್ದಾನೆ ಎಂದಳು. ಸ್ವಲ್ಪ ಹೊತ್ತಿನ ಮೇಲೆ, ಎರಡು ತಿಂಗಳಾಯಿತು ಎಂದಳು. ಇನ್ನೂ ಸ್ವಲ್ಪ ಹೊತ್ತಿಗೆ, ಈಗ ಐದು, ನೀರು ಇಂಗುತ್ತಿದೆ ಎಂದಳು. ಒಂದೂವರೆ ತಿಂಗಳಿಂದ ಕೇಳುತ್ತಿದ್ದವಳು ನಾನು, ನೀರು ಕಡಿಮೆಯಾಗುವುದನ್ನು ಸಹ ಗಮನಿಸಿದ್ದವಳು. ಆದರೆ ಅವನು ಒಂದು ಅಟ್ಟದ ಒಂದು ವರ್ಷವನ್ನು ಮೊದಲಿಂದ ಕೊನೆಯವರೆಗೆ ಇಟ್ಟಿದ್ದಾನೆ ಎಂಬುದು ಹೊಳೆದಿರಲಿಲ್ಲ. ಆಮೇಲೆ ಆ ಖಾಲಿ ಭಾಗ ಬಂತು. ಟೇಪಿನ ಸುಯ್ ಬಿಟ್ಟರೆ ಏನಿಲ್ಲ. ಅಭ್ಯಾಸದಂತೆ ನನ್ನ ಕೈ ಮುಂದೆ ಓಡಿಸುವ ಬಟನ್ನಿಗೆ ಹೋಯಿತು. ಅಜ್ಜಿ ಮಣಿಕಟ್ಟು ಹಿಡಿದು ನಿಲ್ಲಿಸಿದಳು.

“ಮುಟ್ಟಬ್ಯಾಡ. ಅಲ್ಲಾಡಿಸ್ತಾವ್ನೆ.”

“ಏನೂ ಕೇಳಿಸ್ತಿಲ್ವಲ್ಲ ಅಜ್ಜಿ?”

“ಕೇಳುಸಲ್ಲ ಕಣೇ. ನೀರು ಹೋಯ್ತು, ಕೊಬ್ರಿ ಇನ್ನೂ ಚಿಪ್ ಬುಟ್ಟಿಲ್ಲ. ಈ ತಿಂಗಳಾಗೆ ಯಾರು ಅಲ್ಲಾಡಿಸುದ್ರೂ ಕಾಯಿ ಮಾತಾಡಲ್ಲ. ನಮ್ಮನೆ ಕಾಯೂ ಈಗ ಇದೇ ಹದದಾಗವೆ.”

ಕಿವಿ ಹತ್ತಿರ ಇಟ್ಟು ಕೇಳಿದೆ. ಸುಯ್ ಎಂಬುದರ ಹಿಂದೆ, ಬಹಳ ಸಣ್ಣದಾಗಿ, ಬಟ್ಟೆ ಸರಿದಾಡುವ ಸದ್ದು ಬರುತ್ತಿತ್ತು. ಒಂದು ಸಲ ಬಂದು ನಿಲ್ಲುವುದು, ಮತ್ತೆ ಬರುವುದು. ಯಾರೋ ತೋಳು ಎತ್ತಿ ಏನನ್ನೋ ಅಲ್ಲಾಡಿಸುತ್ತಿದ್ದರು, ಅದು ಸುಮ್ಮನಿತ್ತು. ಗವಿರಂಗನ ಎಲ್ಲ ಕ್ಯಾಸೆಟ್ಟುಗಳಲ್ಲಿ ನನಗೆ ಇವತ್ತಿಗೂ ಅತಿ ಇಷ್ಟವಾದ ಭಾಗ ಇದೇ, ನಾನು ಓಡಿಸಿ ಬಿಟ್ಟಿದ್ದು. ಆಮೇಲೆ ಅವನು ಮಾಡಿದ್ದನ್ನೆಲ್ಲ ಕೇಳಿದ್ದೇನೆ. ಮತ್ತೆ ಹಾಡಿದ, ಮತ್ತೆ ಗಣೆ ಹಿಡಿದ, ಸೀಡಿಯ ಕಾಲಕ್ಕೆ ಒಂದಷ್ಟು ಕೆಲಸಕ್ಕೆ ಬಾರದ್ದನ್ನೂ ಮಾಡಿದ. ಅವನು ಮಾರ್ಗ ಬದಲಿಸಿದಾಗಲೆಲ್ಲ ಜನ ಬೇಜಾರಾಗಿ ಹೊರಟುಹೋಗುವುದನ್ನು ನೋಡಿದ್ದೇನೆ. ನಾನು ಹೋಗಲಿಲ್ಲ. ಸದ್ದಿಲ್ಲದ ತಿಂಗಳು ಎಂದುಕೊಂಡು ಕೂತಿರುತ್ತಿದ್ದೆ. ಕೆಲವು ಸಲ ಅದು ನಿಜವಾಗಿಯೂ ಕೆಟ್ಟದ್ದೇ ಆಗಿರುತ್ತಿತ್ತು, ಆಗ ಹಾಗೆಂದು ಹೇಳಿದ್ದೂ ಇದೆ.

ಎರಡನೇ ಬದಿ ಹಾಕಿದೆ. ಅಮ್ಮ ತಟ್ಟೆಗಳನ್ನು ತೆಗೆಯದೆ ಹಾಗೇ ಕೂತಿದ್ದಳು. ಒಲೆಯ ಕಡೆ ಹೊರಟಿದ್ದ ಚಿಕ್ಕಪ್ಪ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದ. ಬಹಳ ಹೊತ್ತಿನ ಮೇಲೆ ಲೊಟ್ ಎಂದು ಒಂದು ಸದ್ದು ಬಂತು. ಅಜ್ಜಿ ಬೆರಳೆತ್ತಿದಳು. ಎರಡನೆಯದು ಬಂತು, ಮೂರನೆಯದು ಬಂತು. ಅವಳ ಮುಖ ಅಪ್ಪನ ಕಡೆ ತಿರುಗಿತು.

“ಇದೇ ಕಣಪ್ಪ ನಾನು ಕೇಳಿದ್ದು. ಹೇಳು, ಇದು ಆಗಿರೋ ಕಾಯಿ ಹೌದೋ ಅಲ್ವೋ.”

ಅಪ್ಪ ತಲೆ ತಗ್ಗಿಸಿ ಇನ್ನೂ ನಾಲ್ಕು ಕಾಯಿಯ ಸದ್ದು ಕೇಳಿದ.

“ಹೌದವ್ವ. ಆಗಿರೋ ಕಾಯಿ.”

ಅಜ್ಜಿ ಕಣ್ಣು ಒರೆಸಿಕೊಂಡಳು. ಪೊರೆಯ ಕಣ್ಣು, ಸದಾ ನೀರು ಬರುತ್ತಿತ್ತು, ಆದರೆ ಈಗ ಬಂದದ್ದು ಆ ನೀರಲ್ಲ. ಕ್ಯಾಸೆಟ್ಟು ಮುಗಿದು ಬಟನ್ನು ತಾನಾಗಿ ಟಪ್ಪೆಂದು ಮೇಲೆದ್ದಿತು. ಚಿಕ್ಕಪ್ಪ ಬಂದು ಕ್ಯಾಸೆಟ್ಟನ್ನು ಹೊರಗೆ ತೆಗೆದು, ಎರಡೂ ಬದಿ ತಿರುಗಿಸಿ ನೋಡಿ, ಹಳದಿ ಕಾಗದದ ಡಬ್ಬಿಯೊಳಗೆ ಹಾಕಿ ನನ್ನ ಕೈಗೆ ಕೊಟ್ಟ. ಏನಾದರೂ ಹೇಳು, ಮೊದಲನೆಯದರಷ್ಟು ಇಲ್ಲ ಎಂದ. ನಾನು ಅವತ್ತು ಜಗಳವಾಡಲಿಲ್ಲ. ಅಪ್ಪ ಎದ್ದು ಏಣಿಯ ಹತ್ತಿರ ಹೋಗಿ, ನಡುಮನೆಯ ಆ ತುದಿಯಲ್ಲಿ ನಮಗೆಲ್ಲ ಬೆನ್ನು ಮಾಡಿ ನಿಂತು, ಖಾಲಿಯಾಗಿದ್ದ ಮೂಲೆಯನ್ನೂ ಉಳಿದದ್ದನ್ನೂ ನೋಡುತ್ತಾ, ನಾಲ್ಕು ದಿನದಿಂದ ಏರಿಸಿದ್ದ ದನಿಯನ್ನು ಇಳಿಸಿ ತನ್ನಷ್ಟಕ್ಕೆ ಎಂಬಂತೆ, ಇವು ಇನ್ನೆಷ್ಟು ದಿನ ತಗೋತವೋ ಎಂದ. ಅಜ್ಜಿಗಿಂತ ಅವನಿಗೆ ಹತ್ತಿರ ಕೂತಿದ್ದ ಅಮ್ಮನಿಗೇ ಅದು ಸರಿಯಾಗಿ ಕೇಳಿಸಲಿಲ್ಲ, ಏನಂದ್ರಿ ಎಂದಳು. ಅಜ್ಜಿ ಈ ತುದಿಯ ಹೊಸಿಲ ಮೇಲಿಂದ, ಅರ್ಧಕ್ಕೆ ಬಿಟ್ಟಿದ್ದ ತಟ್ಟೆಯನ್ನು ಹತ್ತಿರ ಎಳೆದುಕೊಳ್ಳುತ್ತಾ ಉತ್ತರ ಕೊಟ್ಟಳು.

“ಎರಡು ತಿಂಗ್ಳು. ಅಲ್ಲಿಗಂಟ ಯಾರೂ ಅಟ್ಟ ಹತ್ತಬ್ಯಾಡಿ. ಈ ಕೂಸು ಟೇಪು ಹಾಕದಾದ್ರೆ ಇಲ್ಲೇ ನಡುಮನೇಲಿ ಹಾಕ್ಲಿ, ನಾನೂ ಕೇಳ್ತೀನಿ.”